ಅತ್ತೆಯ ಮೇಲೆ ಡ್ರಾಗನ್ ಬಿಡುವುದು ಹೇಗೆ?

ಸುಳ್ಯದ ಮೇದಪ್ಪನವರಿಗೆ ಸೋತು ಅಭ್ಯಾಸವೇ ಇಲ್ಲ. ತಾವು ಒಮ್ಮೆಯೂ ಚುನಾವಣೆಗೆ ನಿಲ್ಲದೆ ಸಹಕಾರಿ ಸಂಘದಲ್ಲಿ ಮೂವರು ಅಧ್ಯಕ್ಷರನ್ನು ಕೂರಿಸಿ, ಇಬ್ಬರನ್ನು ಎಬ್ಬಿಸಿದ ರಾಜಕೀಯ ಧುರಂಧರ (ಈ ಬಿರುದು ಅವರು ತಮಗೆ ತಾವೇ ಕೊಟ್ಟುಕೊಂಡದ್ದು). ಅಂಥವರನ್ನು ನಾಲ್ಕು ಚಿತ್ರದ ಕಾರ್ಡು ಹಿಡಿದು ಹೆದರಿಸಲು ಹೊರಟಿದ್ದರು ಮನೆಯ ಹೆಂಗಸರು!

ಸಂಗತಿ ಇಷ್ಟೇ. ಬರುವ ಶನಿವಾರ ಸಂಜೆ ಪೆರಾಬೆಯಲ್ಲಿ ವಾಲಿಬಾಲ್ ಪಂದ್ಯಾಟ. ಉದ್ಘಾಟಕರು ಮೇದಪ್ಪನವರು. ಜೀವಮಾನದಲ್ಲಿ ಮೊದಲ ಸಲ ಫ್ಲೆಕ್ಸಿನಲ್ಲಿ ಅವರ ಫೋಟೋ, ಅದೂ ನಟ್ಟನಡುವೆ. ಆದರೆ ಮರುದಿನ ಜಾಲ್ಸೂರಿನಲ್ಲಿ ಹೆಂಡತಿಯ ತಮ್ಮನ ಹೊಸಮನೆ ಒಕ್ಕಲು, ಅಂದರೆ ಗೃಹಪ್ರವೇಶ. ಒಕ್ಕಲಿನ ಹಿಂದಿನ ಸಂಜೆ ನೆಂಟರು, ನೆರೆಯವರು ಸೇರಿ ತರಕಾರಿ ಹೆಚ್ಚಬೇಕು, ರಾಶಿ ರಾಶಿ ಕಾಯಿ ತುರಿಯಬೇಕು. ಅಲ್ಲಿ ಹಿರಿಯ ಅಳಿಯ ಕಾಣದಿದ್ದರೆ ಊರಿಡೀ ಕೇಳುತ್ತದೆ. ಕರೆಯಲೆಂದು ಅತ್ತೆ ಪೂವಮ್ಮ ತಾವೇ ಬಂದು ಕೂತಿದ್ದರು.

"ಫ್ಲೆಕ್ಸ್ ಮುಖ್ಯವಾ, ನನ್ನ ತಮ್ಮ ಮುಖ್ಯವಾ?" ಎಂದರು ಹೆಂಡತಿ ದಮಯಂತಿ.

"ನಿನ್ನ ತಮ್ಮನ ಕಾಯಿ ತುರಿಲಿಕ್ಕೆ ಉದ್ಘಾಟಕರು ಯಾಕೆ ಮಾರಾಯ್ತಿ?"

ಕಾಲೇಜಿಗೆ ಹೋಗುವ ಮಗಳು ಭವಿತಾ ಕಾರ್ಡಿನ ಡಬ್ಬಿ ತಂದು ಮೇಜಿಗೆ ಕುಕ್ಕಿದಳು. "ಜಗಳ ಸಾಕು. ನಾಲ್ಕು ಜನ ಆಡುವ. ಗೆದ್ದವರು ಹೇಳಿದ ಹಾಗೆ ಆಗ್ಲಿ. ಅಜ್ಜಿಗೂ ನಾನು ಕಲಿಸಿದ್ದೇನೆ."

ಆಟ ಸುಲಭ. ಒಬ್ಬೊಬ್ಬರದು ಒಂದೊಂದು ರಾಜ್ಯ. ಕಾರ್ಡುಗಳಲ್ಲಿ ಡ್ರಾಗನ್, ರಾಕ್ಷಸ, ಮಾಟಗಾತಿ ಎಲ್ಲ ಉಂಟು. ಏನೂ ಮಾಡದ ಬರೀ ಗುಡ್ಡವೂ ಉಂಟು. ಸರದಿ ಬಂದಾಗ ಒಂದು ಕಾರ್ಡು ಎಳೆಯಬೇಕು, ಯಾರ ಮೇಲೆ ದಾಳಿ ಎಂದು ಅವರ ಮುಖ ನೋಡಿ ಬಾಯಿಬಿಟ್ಟು ಹೇಳಿ ಹೊಡೆಯಬೇಕು. ರಾಜ್ಯದ ಜೀವ ಮುಗಿದವರು ಹೊರಗೆ. ಕೊನೆಗೆ ಉಳಿದವರೇ ಚಕ್ರವರ್ತಿ.

ಮೇದಪ್ಪನವರು ಒಳಗೊಳಗೇ ನಕ್ಕರು. ಇದು ಸಂಘದ ಚುನಾವಣೆಯೇ ಅಲ್ಲವೇ! ನೀರು ಕುಡಿಯುವ ನೆಪದಲ್ಲಿ ಅಡಿಗೆಮನೆಗೆ ಹೋಗಿ ಹೆಂಡತಿಯ ಕಿವಿಯಲ್ಲಿ, "ನೀನು ನನ್ನನ್ನು ಮುಟ್ಟಬೇಡ, ನಾನು ನಿನ್ನನ್ನು ಮುಟ್ಟುದಿಲ್ಲ. ಮೊದಲು ಭವಿತಾಳನ್ನು ಮುಗಿಸುವ" ಎಂದರು. ಜಗಲಿಯಲ್ಲಿ ಮಗಳ ಹತ್ತಿರ, "ನಿನ್ನ ಅಮ್ಮ ಭಾರಿ ಅಪಾಯ. ಮೊದಲು ಅವಳು" ಎಂದರು. ಅತ್ತೆಯ ಹತ್ತಿರ ಮಾತಾಡುವ ಮೊದಲು ಮಡಚಿ ಕಟ್ಟಿದ್ದ ಲುಂಗಿ ಇಳಿಸಿದರು (ಮದುವೆಯಾದಂದಿನಿಂದ ಅವರ ಎದುರು ಮೊಣಕಾಲು ತೋರಿಸಿದವರಲ್ಲ), "ನೀವು ಆರಾಮಲ್ಲಿ ಕೂತ್ಕೊಳ್ಳಿ ಅತ್ತೆ, ನಿಮ್ಮನ್ನು ಯಾರು ಮುಟ್ತಾರೆ?" ಎಂದರು.

ತಾಯಿ ಮಗಳು ಸರಿಯಾಗಿ ಕಚ್ಚಾಡಿದರು. ದಮಯಂತಿಯ ರಾಕ್ಷಸರು ಮಗಳ ಕೋಟೆ ಕೆಡವಿದರು, ಮಗಳ ಕೊನೆಯ ಬಾಣಕ್ಕೆ ಅಮ್ಮನ ರಾಜ್ಯವೂ ಮುಗಿಯಿತು. ಆಮೇಲೆ ಗೊತ್ತಾಯಿತು.

"ಅಮ್ಮಾ, ಅಪ್ಪ ನನ್ನತ್ರ ನಿನ್ನನ್ನು ಮುಗಿಸು ಅಂತ ಹೇಳಿದ್ದು!"

"ನನ್ನತ್ರ ನಿನ್ನನ್ನು! ಎಂತ ಜನ ಮಾರಾಯ್ರೆ ನೀವು!"

"ಇದಕ್ಕೆ ರಾಜಕೀಯ ಅಂತ ಹೇಳುದು" ಎಂದು ಮೇದಪ್ಪನವರು ಮೀಸೆ ತಿರುವಿದರು.

ಇನ್ನು ಉಳಿದದ್ದು ಪೂವಮ್ಮ. ಅವರ ರಾಜ್ಯದಲ್ಲಿ ಕಾವಲಿಗೆ ಒಂದು ನರಪಿಳ್ಳೆ ಇಲ್ಲ. ಕೈಯಲ್ಲಿ ಒಂದೇ ಕಾರ್ಡು; ಅದನ್ನು ಎದೆಗೆ ಒತ್ತಿ ಹಿಡಿದು ನಗುತ್ತ ಕೂತಿದ್ದರು. ಮೇದಪ್ಪನವರ ಬಳಿ ಡ್ರಾಗನ್. ಒಂದೇ ಏಟು ಸಾಕು. ಪೆರಾಬೆ ಕಣ್ಣಮುಂದೆಯೇ ಇತ್ತು.

"ಹೂಂ, ಹೇಳಿ ಅಪ್ಪ. ಯಾರ ಮೇಲೆ?" ಎಂದಳು ಭವಿತಾ.

ಮೇದಪ್ಪನವರು ಬಾಯಿ ತೆರೆದರು. ಅತ್ತೆ ಕತ್ತೆತ್ತಿ ನೋಡಿದರು. ಮೊದಲೇ ಇಳಿದಿದ್ದ ಲುಂಗಿಯನ್ನು ಇವರ ಕೈ ತಾನಾಗಿಯೇ ಇನ್ನಷ್ಟು ಕೆಳಗೆಳೆಯಿತು. ಅತ್ತೆಯ ಮುಖ ನೋಡಿ "ನಿಮಗೆ ಹೊಡೀತೇನೆ" ಎನ್ನುವುದು ಹೇಗೆ?

"ಈ ಸಲ... ದಾಳಿ ಬೇಡ. ಅತ್ತೆ ತಾವೇ ಸೋಲೊಪ್ಪಲಿ" ಎಂದರು ದೊಡ್ಡಮನಸ್ಸಿನಿಂದ.

ಪೂವಮ್ಮ ಒಂದು ಕಾರ್ಡು ಎಳೆದರು. ಮಾಟಗಾತಿ! ಎದುರಾಳಿಯ ಒಂದು ಪ್ರಾಣಿಯನ್ನು ವಶ ಮಾಡಿಕೊಳ್ಳುವವಳು. "ನಿಮ್ಮ ಡ್ರಾಗನ್ ನಿಮ್ಮ ಮೇಲೆಯೇ ಬಿಡ್ತೇನೆ, ಅಳಿಯಂದಿರೇ" ಎಂದರು, ಕಾಫಿ ಬೇಕಾ ಎಂದು ಕೇಳಿದಷ್ಟೇ ಸಲೀಸಾಗಿ. ಮೇದಪ್ಪ ಸಾಮ್ರಾಜ್ಯ ಅಲ್ಲಿಗೆ ಪಡ್ಚ.

ಶನಿವಾರ ಸಂಜೆ ಪೆರಾಬೆಯ ಫ್ಲೆಕ್ಸಿನಲ್ಲಿ ಮೇದಪ್ಪನವರು ಕೈಮುಗಿದು ನಗುತ್ತಿದ್ದರು. ಜಾಲ್ಸೂರಿನ ಚಪ್ಪರದಲ್ಲಿ ಲುಂಗಿ ಮಡಚಿ ಕಟ್ಟಿ ಕಾಯಿ ತುರಿಯುತ್ತಿದ್ದರು. ಪೂವಮ್ಮ ಹಿಂದಿನಿಂದ ಬಂದು ಚಾ ಇಟ್ಟು ಮೆಲ್ಲಗೆ ಹೇಳಿದರು:

"ಆ ದಿನ ನೀವು ಹೊಡೆದಿದ್ರೆ ನನ್ನ ಕತೆ ಮುಗೀತಿತ್ತು. ಕೈಯಲ್ಲಿ ಇದ್ದದ್ದು ಬರೀ ಗುಡ್ಡ."

"ಮತ್ತೆ ಅಷ್ಟು ಧೈರ್ಯದಲ್ಲಿ ಕೂತದ್ದು?"

"ಮಗಳನ್ನು ಕೊಡುವ ಮೊದಲೇ ವಿಚಾರಿಸಿದ್ದೆ. ಹುಡುಗ ಬಾಯಿ ಜೋರು, ಆದ್ರೆ ಹಿರಿಯರಿಗೆ ಎದುರಾಡುವ ಜನ ಅಲ್ಲ ಅಂತ ಹೇಳಿದ್ರು."

ಇದಕ್ಕೊಂದು ತಕ್ಕ ಉತ್ತರ ಕೊಡಲೇಬೇಕೆಂದು ಮೇದಪ್ಪನವರು ದಡಕ್ಕನೆ ಎದ್ದರು, ಅಭ್ಯಾಸಬಲದಿಂದ ಮೊದಲು ಲುಂಗಿ ಇಳಿಸಿದರು. ಅದರ ಅಂಚು ತಾಗಿ ತಟ್ಟೆ ಮಗುಚಿತು, ತುರಿದ ಕಾಯಿಯೆಲ್ಲ ಮಣ್ಣುಪಾಲು.

"ಭವಿತಾ," ಎಂದು ಕೂಗಿದರು ಪೂವಮ್ಮ, "ಅಪ್ಪನಿಗೆ ಇನ್ನೊಂದು ಬುಟ್ಟಿ ಕಾಯಿ ತಾ."