ರಂಗಿ ಮೋಜಾ

ವಿಮಲಾ: ನನ್ನ ಕರಿಬೇವು ಎಲ್ಲಿಗೂ ಹೋಗಲ್ಲ.

ಸ್ವಾಹಿಲಿ ನಾಡಿನ ಸೌತ್ ಸಿ ಬಡಾವಣೆಯ ತಮ್ಮ ಮನೆಯ ಅಂಗಳದಲ್ಲಿ ಲೆಕ್ಚರರ್ ಸೂರ್ಯನಾರಾಯಣ ವಿಲಾಯತಿ ಮ್ಯಾಗಜಿನ್ ಹಿಡಿದು ನಿಂತಿದ್ದ. ಎರಡು ಲೇಖನ ಓದಿ ತೋಟಗಾರಿಕೆಯಲ್ಲಿ ಪಂಡಿತನಾಗಿದ್ದ.

ಸೂರ್ಯನಾರಾಯಣ: ಗಾರ್ಡನ್ ಅಂದ್ರೆ ಹೊಂದಾಣಿಕೆ ಇರ್ಬೇಕು ಕಣೇ. ಒಂದೇ ಥೀಮ್, ಬರೀ ಹಸಿರು.

ವಿಮಲಾ: ಕರಿಬೇವು ಏನು ನೀಲಿ ಇದೆಯಾ?

ಸೂರ್ಯನಾರಾಯಣ: ಅಡುಗೆಮನೆ ಗಿಡಕ್ಕೆ ಮುಂಬಾಗಿಲಲ್ಲಿ ಏನು ಕೆಲಸ? ಹಿಂದೆ ಟ್ಯಾಂಕ್ ಹತ್ರ ನೆಡಿಸ್ತೀನಿ.

ವಿಮಲಾ: ಅಲ್ಲಿ ಬಿಸಿಲೇ ಬೀಳಲ್ಲ. ಮೈಸೂರಿಂದ ಬೀಜ ತಂದು, ಮೂರು ಗಿಡ ಸತ್ತು, ಆರು ವರ್ಷಕ್ಕೆ ಇದೊಂದು ಉಳಿದಿದೆ. ಕಿತ್ರೆ ಇದೂ ಹೋಗತ್ತೆ. ನಂಗೆ ಅಳು ಬರತ್ತೆ, ಈಗ್ಲೇ ಹೇಳಿದೀನಿ.

ಸೂರ್ಯನಾರಾಯಣ: ಡಿಸೈನ್‌ನಲ್ಲಿ ಸೆಂಟಿಮೆಂಟ್‌ಗೆ ಜಾಗ ಇಲ್ಲ.

ವಿಮಲಾ: ನೀವು ತಂದಿಟ್ಟ ಪ್ಲಾಸ್ಟರ್ ಹಂಸಕ್ಕೆ ಮಾತ್ರ ಇದೆ.

ತೋಟದ ಕೆಲಸದ ಪೀಟರ್ ಬಂದ. ಸೂರ್ಯನಾರಾಯಣ ಗಂಟಲು ಸರಿಮಾಡಿಕೊಂಡ.

ಸೂರ್ಯನಾರಾಯಣ: ಪೀಟರ್, ಶಾಂಬಾ ಯೋತೆ, ರಂಗಿ ಮೋಜಾ. ಕಿಜಾನಿ.

ವಿಮಲಾ: ಏನಂದ್ರಿ?

ಸೂರ್ಯನಾರಾಯಣ: ತೋಟ ಎಲ್ಲಾ ಒಂದೇ ಬಣ್ಣ, ಹಸಿರು. ನಮ್ಮ ರಂಗು, ಇವರ ರಂಗಿ. ಭಾಷೆ ಕಲಿಯೋದು ಅಷ್ಟು ಸುಲಭ.

ದಿನಾ ಸಂತೆಯಲ್ಲಿ ಸ್ವಾಹಿಲಿಯಲ್ಲೇ ಚೌಕಾಸಿ ಮಾಡುವ ವಿಮಲಾ ಅವನ ಕೈಗೆ ಟವಲು ಕೊಟ್ಟಳು.

ವಿಮಲಾ: ಸ್ನಾನಕ್ಕೆ ಹೋಗಿ. ನಿಧಾನಕ್ಕೇ ಮಾಡಿ.

ಅವನು ತಲೆ ಒರೆಸಿಕೊಂಡು ಹೊರಬಂದಾಗ ಕಲ್ಲು, ಕುಂಡ, ಮೆಟ್ಟಿಲು, ನಲ್ಲಿ, ಹಂಸ, ಎಲ್ಲದರ ಮೇಲೂ ಗೇಟಿಗೆ ಬಳಿದು ಮಿಕ್ಕಿದ್ದ ಹಸಿರು ಪೇಂಟು.

ಪೀಟರ್: ತಯಾರಿ, ಬ್ವಾನಾ.

ಸೂರ್ಯನಾರಾಯಣ: ಇದೇನಿದು?

ವಿಮಲಾ: ಹೊಂದಾಣಿಕೆ. ಇಲ್ಲಿ ಪೇಂಟಿಗೂ ರಂಗಿ ಅಂತಾನೇ ಅನ್ನೋದು. ಮ್ಯಾಗಜಿನ್‌ನಲ್ಲಿ ಇರ್ಲಿಲ್ವಾ?

ಸೂರ್ಯನಾರಾಯಣ: ನನ್ನ ಹಂಸ...

ವಿಮಲಾ: ಗಿಳಿ ಅಂದ್ಕೊಳ್ಳಿ.

ಸೂರ್ಯನಾರಾಯಣ: ನಿನ್ನ ಕರಿಬೇವಿಗೆ ಮಾತ್ರ ಯಾಕೆ ಬಳಿದಿಲ್ಲ?

ವಿಮಲಾ ಪೀಟರ್‌ನನ್ನು ಸ್ವಾಹಿಲಿಯಲ್ಲಿ ಕೇಳಿದಳು. ಪೀಟರ್ ಗಂಭೀರವಾಗಿ ಉತ್ತರಿಸಿದ.

ವಿಮಲಾ: ಅದು ಮೊದಲೇ ಹಸಿರಾಗಿದೆಯಂತೆ. ಇಡೀ ಅಂಗಳದಲ್ಲಿ ನಿಮ್ಮ ಥೀಮಿಗೆ ಹೊಂದೋ ಗಿಡ ಅದೇನೇ.

ಅಷ್ಟರಲ್ಲಿ ಪೀಟರ್ ಬ್ರಶ್ ಅದ್ದಿಕೊಂಡು ಬಿಳಿ ಡ್ಯಾಟ್ಸನ್ ಕಾರಿನ ಕಡೆ ನೋಡತೊಡಗಿದ. ಗಾಬರಿಯಲ್ಲಿ ಸೂರ್ಯನಾರಾಯಣನಿಗೆ ಬೇಡ ಅನ್ನುವ ಸ್ವಾಹಿಲಿ ಮಾತೇ ಮರೆತುಹೋಯಿತು.

ಸೂರ್ಯನಾರಾಯಣ: ಪೀಟರ್, ಗಾಡಿ... ಗಾಡಿ...

ಪೀಟರ್: ಗಾರಿ? ಸವಾ, ಬ್ವಾನಾ.

ಕಾರಿಗೂ ಬಳಿಯಬೇಕೆಂದು ತಿಳಿದ ಪೀಟರ್, ಆಗಲಿ ಅಂತ ತಲೆಯಾಡಿಸಿ ಅದರ ಚಕ್ರದ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

ಸೂರ್ಯನಾರಾಯಣ: ವಿಮಲಾ, ಬೇಡ ಅಂತ ಹೇಳೇ.

ವಿಮಲಾ: ಕರಿಬೇವು?

ಸೂರ್ಯನಾರಾಯಣ: ಮುಂಬಾಗಿಲಲ್ಲೇ ಇರ್ಲಿ. ಬೇಗ ಹೇಳು.

ವಿಮಲಾ: ತಾಳಿ, ಒಂದು ಚಕ್ರಾನಾದ್ರೂ ಹೊಂದಾಣಿಕೆ ಆಗ್ಲಿ.