ಮುಚ್ಚಳಿಕೆ ಬರೆದುಕೊಟ್ಟವರು

ತಾಲ್ಲೂಕು ಕಚೇರಿ ಕಾಂಪೌಂಡಿನ ಪಕ್ಕ ಟೈಪಿಂಗ್ ಅಂಗಡಿ ಇಟ್ಟುಕೊಂಡ ನನಗೆ ನಗುವಿಗೆ ಬರವಿಲ್ಲ. ಅದರಲ್ಲೂ ‘ಮುಚ್ಚಳಿಕೆ’ ಅನ್ನೋ ಹಳೇ ಮಾತು ಕಿವಿಗೆ ಬಿದ್ದ ದಿನ ಏನಾದರೊಂದು ನಡೆದೇ ನಡೆಯುತ್ತೆ.

ಕನ್ನಡದಲ್ಲಿ ಹೇಳಿ

ಹಂದನಕೆರೆ ಕಡೆಯ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಬಂದ. “ಸಾಹೇಬ್ರು ಮುಚ್ಚಳಿಕೆ ಬರೆಸ್ಕೊಂಡು ಬಾ ಅಂದ್ರು. ಹಂಗಂದ್ರೇನು ಸಾರ್?”

“ಇನ್ಮೇಲೆ ಗಲಾಟೆ ಮಾಡಲ್ಲ, ಮಾಡಿದ್ರೆ ದಂಡ ಕಟ್ತೀನಿ ಅಂತ ಬರೆದು ಸಹಿ ಹಾಕೋದು ಕಣಪ್ಪ.”

ಅವನು ಕಣ್ಣು ಕಣ್ಣು ಬಿಟ್ಟ. ನಾನು ಸೋತು, “ಬಾಂಡು ಕಣಪ್ಪ, ಬಾಂಡು!” ಅಂದೆ.

ಅವನ ಮುಖ ಅರಳಿತು. “ಹಂಗೆ ಕನ್ನಡದಲ್ಲಿ ಹೇಳಿ ಸಾರ್!”

ಜಾಮೀನು

ಅರಳಗುಪ್ಪೆಯ ಒಬ್ಬ ರೈತ ಬದುವಿನ ತೆಂಗಿನ ಮರಕ್ಕಾಗಿ ಪಕ್ಕದ ತೋಟದವನ ಕಪಾಳಕ್ಕೆ ಬಿಗಿದಿದ್ದ. ಮುಚ್ಚಳಿಕೆ ಟೈಪ್ ಮಾಡುತ್ತಾ, “ಜಾಮೀನಿಗೆ ಯಾರು?” ಅಂದೆ.

“ಇವನೇ” ಅಂತ ಪಕ್ಕದಲ್ಲಿದ್ದವನನ್ನು ತೋರಿಸಿದ.

“ಏನಾಗ್ಬೇಕು ನಿಮಗೆ?”

“ನಾನು ಹೊಡೆದಿದ್ದು ಇವನಿಗೇ ಕಣ್ರೀ.”

ನಾನು ಆ ಕಡೆ ತಿರುಗಿದೆ. ಹೊಡೆಸಿಕೊಂಡವನು ಕೆನ್ನೆ ಸವರಿಕೊಂಡು, “ಬೇಗ ಬರೀರಿ. ನಾನು ಬಂದಿರೋದು ಇವನ ಬೈಕಲ್ಲೇ. ಇವನನ್ನ ಒಳಗೆ ಕೂರಿಸಿದ್ರೆ ನಾನು ಊರಿಗೆ ಹೋಗೋದು ಹೆಂಗೆ?” ಅಂದ.

ಅವಧಿ ಮುಗಿಯಿತು

ಶೆಟ್ಟಿಕೆರೆ ಕಡೆಯ ವಾರಗಿತ್ತಿಯರಿಬ್ಬರು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ್ದರು. ಒಂದು ದಿನ ಹಿತ್ತಲಲ್ಲಿ ಬಿದ್ದ ತೆಂಗಿನ ಗರಿ ಯಾರದು ಅಂತ ಶುರುವಾಗಿ, ಅದೇ ಗರಿಯಲ್ಲಿ ಬಾರಿಸಿಕೊಂಡು ಠಾಣೆ ಹತ್ತಿದರು. ಒಂದು ವರ್ಷ ಜಗಳವಾಡುವುದಿಲ್ಲ ಅಂತ ಇಬ್ಬರಿಗೂ ಮುಚ್ಚಳಿಕೆ ಬರೆದುಕೊಟ್ಟವನು ನಾನೇ.

ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಂದರು. ಹಿರಿಯವರು ಕಾಗದ ಚಾಚಿ, “ತಾರೀಖು ನೋಡಪ್ಪ, ಮುಗೀತಾ?” ಅಂದರು.

“ನಿನ್ನೆಗೇ ಮುಗೀತಲ್ಲಮ್ಮ. ಏನು ಸಮಾಚಾರ?”

“ಮಾತಾಡಿದ್ರೆ ಜಗಳ ಆಯ್ತದೆ, ಜಗಳ ಆದ್ರೆ ಜೈಲು ಅಂತ ವರ್ಷವೆಲ್ಲ ಒಬ್ಬರಿಗೊಬ್ಬರು ಮಾತೇ ಆಡಿಲ್ಲ. ಮನೆ ಬಿಕೋ ಅಂತದೆ ಕಣಪ್ಪ.” ಅವರ ದನಿ ಸಣ್ಣಗಾಯಿತು.

ಕಿರಿಯವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದರು: “ಹಂಗಾದ್ರೆ ಈಗ ಮಾತಾಡಬಹುದಾ?”

“ಧಾರಾಳವಾಗಿ ಮಾತಾಡಿ ತಾಯಿ.”

ಅವರು ಗಿರಕ್ಕನೆ ತಿರುಗಿ, “ಅವತ್ತು ನನ್ನ ತವರಿನ ಬಗ್ಗೆ ಏನಕ್ಕಾ ಅಂದೆ ನೀನು?” ಅಂತ ಶುರು ಮಾಡಿದರು!

ನನ್ನ ಅಂಗಡಿ ಮುಂದೆ ಮುಕ್ಕಾಲು ಗಂಟೆ ನಡೆಯಿತು. ಕಚೇರಿಯ ಕಿಟಕಿಗಳಲ್ಲಿ ತಲೆಗಳು ತುಂಬಿದವು. ಗಂಟಲು ಒಣಗಿದ ಮೇಲೆ ಇಬ್ಬರೂ ಒಂದೇ ಎಳನೀರು ಹಂಚಿಕೊಂಡು ಕುಡಿದು, ಹಗುರಾಗಿ ನನ್ನ ಬೆಂಚಿನ ಮೇಲೆ ಒತ್ತಿಕೊಂಡು ಕೂತರು.

ಹಿರಿಯವರು ಬಾಯಿ ಒರೆಸಿಕೊಂಡು ಹೇಳಿದರು: “ಈ ಸಲ ವರ್ಷಕ್ಕೆ ಬೇಡ, ತಿಂಗಳಿಗೊಂದು ಮುಚ್ಚಳಿಕೆ ಬರೆದುಬುಡಪ್ಪ. ವರ್ಷ ಕಾಯೋಕ್ಕಾಗಲ್ಲ!”