ಛತ್ರಿ ಮೊಳೆ ಮತ್ತು ಅತ್ತೆಯ ಕೊಟ್ಟಿಗೆ

ಶ್ರೀನಿವಾಸಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಮಾವಿನ ಸುಗ್ಗಿ ಮುಗಿದು ಜನ ಸೂರಿನ ಕಡೆ ಕತ್ತೆತ್ತಿದರೆ ಸಾಕು, ಅದೇ ಬಾಗಿಲಿಗೆ ಬರುತ್ತದೆ. ಶೀಟಿಗೆ ಯಾವ ಮೊಳೆ ಅಂತ ಊರೆಲ್ಲ ನನ್ನನ್ನು ಕೇಳುತ್ತದೆ. ಕೇಳದವರು ಒಬ್ಬರೇ, ರಾಯಲ್ಪಾಡಿನ ನನ್ನ ಅತ್ತೆ. ಅವರಿಗೆ ದೊಡ್ಡ ಅಳಿಯ ಹೇಳಿದ್ದೇ ಮಾತು. ನನಗೆ ಇದು ಒಳಗೊಳಗೇ ಉರಿ.

ಬೆರಳಿನ ಅಳತೆ

ಒಬ್ಬ ಹೆಂಗಸು ಬಂದು ತೋರುಬೆರಳು ಎತ್ತಿದರು. "ಇಷ್ಟುದ್ದದ್ದು ಕೊಡಣ್ಣ, ಬಡಗಿ ಹೇಳವ್ನೆ." ಕೊಟ್ಟೆ. ಸಂಜೆ ವಾಪಸ್ ತಂದರು.

"ಚಿಕ್ಕದಾಯ್ತಂತೆ. ಅವನು ಹೇಳಿದ್ದು ಅವನ ಬೆರಳಂತೆ."

"ಅವನ ಬೆರಳು ನಾನೆಲ್ಲಿ ನೋಡಿದೀನಮ್ಮ?"

ಮಾರನೆಯ ದಿನ ಬಡಗಿಯೇ ಬಂದು ಕೌಂಟರಿನ ಮೇಲೆ ಬೆರಳು ಇಟ್ಟ. "ಕೆಲಸ ಬಿಟ್ಟು ತಂದಿದೀನಿ, ಬೇಗ ಅಳತೆ ತಗೊಳ್ಳಿ."

ಉದ್ದ ಇದ್ದಷ್ಟೂ ಗಟ್ಟಿ

ಮಾವಿನ ಮಂಡಿಯ ಭಾಯ್ ಒಬ್ಬರು ಉದ್ದ ಮೊಳೆಯೇ ಬೇಕೆಂದು ಹಟ ಹಿಡಿದರು. ಸೂರಿನ ಮರ ದಾಟಿ ಕೆಳಗೆ ಇಣುಕುತ್ತದೆ ಎಂದರೂ ಕೇಳಲಿಲ್ಲ. ಆಮೇಲೆ ಅವರದೇ ಫೋನ್: "ಅಡುಗೆಮನೆಯಲ್ಲಿ ತಲೆ ಎತ್ತಿದ್ರೆ ಮೊಳೆ. ಬಂದು ಕತ್ತರಿಸು." ಕಟಿಂಗ್ ಮೆಷಿನ್ ಹಿಡಿದು ಹೋದೆ. ಅವರ ಹೆಂಡತಿ ಅಷ್ಟರಲ್ಲಿ ಮೊಳೆಗಳನ್ನೆಲ್ಲ ಇಕ್ಕಳದಲ್ಲಿ ಬಗ್ಗಿಸಿ ಸೌಟು, ಜರಡಿ, ಬೆಳ್ಳುಳ್ಳಿ ಗೊಂಚಲು ನೇತುಹಾಕಿದ್ದರು. ಮೆಷಿನ್ನಿಗೆ ಅಡ್ಡ ನಿಂತು ಹೇಳಿದರು, "ಒಂದೂ ಮುಟ್ಟಬೇಡಿ. ಈ ಕಡೆ ಇನ್ನೂ ನಾಕು ಇಳ್ಸಿ, ತವಾಗೆ ಜಾಗ ಇಲ್ಲ."

ಕೀಳಬಾರದ ಮೊಳೆ

ದೊಡ್ಡ ಅಳಿಯ ಫೋನ್ ಎತ್ತದ ಒಂದು ದಿನ ಅತ್ತೆ ನನಗೇ ಕರೆ ಮಾಡಿದರು. ಕೊಟ್ಟಿಗೆಗೆ ತಗಡು ಹೊದಿಸಬೇಕಿತ್ತು. ಇಂಥ ಅವಕಾಶ ಬಿಡುತ್ತೇನೆಯೇ? ಛತ್ರಿಯ ಹಾಗೆ ಅಗಲ ತಲೆಯ ಮೊಳೆ, ಅದಕ್ಕೊಪ್ಪುವ ರಬ್ಬರ್ ವಾಷರ್, ಎಲ್ಲ ನಾನೇ ಆರಿಸಿ ಒಯ್ದು ಅಂಗಳದಲ್ಲೇ ಪಾಠ ಶುರುಮಾಡಿದೆ.

"ತಗಡಿನ ಉಬ್ಬಿನ ಮೇಲೆ ಹೊಡೀಬೇಕು, ತಗ್ಗಲ್ಲಿ ಅಲ್ಲ. ಹೊಡೆದ ಮೊಳೆ ಯಾವ ಕಾರಣಕ್ಕೂ ಕೀಳಬಾರದು ಅತ್ತೆ. ಕಿತ್ರೆ ತೂತು, ಸೋರುತ್ತೆ." ಅತ್ತೆ ತಲೆಯಾಡಿಸಿದರು.

ಲುಂಗಿಯಲ್ಲೇ ಮೇಲೆ ಹತ್ತಿ, ಕುಕ್ಕುರುಗಾಲಲ್ಲಿ ಕೂತು ಹೊಡೆದೆ. ಕೊನೆಯ ಮೊಳೆಯೂ ಮುಗಿಯಿತು. ನಾನು ಎದ್ದೆ, ಲುಂಗಿ ಏಳಲಿಲ್ಲ. ಅದರ ಅಂಚು ವಾಷರಿನ ಕೆಳಗೆ ಭದ್ರವಾಗಿ ಕೂತಿತ್ತು. ಮೊಳೆ ಕೀಳಲು ಸುತ್ತಿಗೆ ತಿರುಗಿಸಿದೆ. ಕೆಳಗಿನಿಂದ ಅತ್ತೆಯ ತೆಲುಗು ಬೆರೆತ ಕೂಗು.

"ವದ್ದು ಅಲ್ಲುಡುಗಾರೂ, ಬೇಡ ಅಳಿಯಂದ್ರೇ, ಕೀಳಬೇಡಿ. ಸೋರುತ್ತೆ ಅಂತ ನೀವೇ ಹೇಳಿದ್ರಲ್ಲ."

"ಇದೊಂದೇ ಅತ್ತೆ."

"ನೀರಿಗೆ ಒಂದು ತೂತು ಸಾಲದಾ? ನಿಮ್ಮ ಮಾತು ನಾನು ಮೀರಲ್ಲ."

ಮದುವೆಯಾದಾಗಿನಿಂದ ಈ ಮಾತಿಗೇ ಕಾದಿದ್ದೆ. ಅತ್ತೆ ಮಾವಿನಕಾಯಿ ಕೀಳುವ ಬಲೆಕೋಲಿನಲ್ಲಿ ಒಂದು ಕತ್ತರಿ, ಮಾವನ ಒಂದು ಪಂಚೆ ಇಟ್ಟು ಮೇಲಕ್ಕೆ ಚಾಚಿದರು. ಬೀದಿಯವರೆಲ್ಲ ನೋಡುತ್ತಿದ್ದರು.

ಮಳೆ ಬಂತು, ಕೊಟ್ಟಿಗೆ ಒಂದು ಹನಿಯೂ ಸೋರಲಿಲ್ಲ. ಲುಂಗಿಯ ಚೂರು ಈಗಲೂ ಅಲ್ಲೇ ಹಾರಾಡುತ್ತದೆ, ಅತ್ತೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾರೆ. ಮೊನ್ನೆ ಅತ್ತೆಯ ಊರಿನ ರೈತರೊಬ್ಬರು ಅಂಗಡಿಗೆ ಬಂದರು.

"ಯಾವ ಮೊಳೆ ಕೊಡ್ಲಣ್ಣ?"

"ಅದೇ, ಅಳಿಯನ್ನ ಹಿಡ್ಕೊಂಡಿತ್ತಂತಲ್ಲ, ಅದು."